ಎಂಟು ಮಂದಿ ಪಗಾರದವ್ರು, ಹದಿನಾಲ್ಕು ಮಂದಿ ಪೀಸಿನವ್ರು: ಬೀದರಿನ ಒಂದು ಬಿದ್ರಿ ಕಾರ್ಖಾನಿ ಕೇಸು

ಮೊದ್ಲು ಯಾರ್ಯಾರು ಅದಾರ ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರ ಮುಂದ ಗೊಂದಲ ಆಗ್ತದ. ಬೀದರ್ ಹಳೇ ಊರಿನ್ಯಾಗ, ಚೌಬಾರಾದಿಂದ ನಡಕೊಂಡು ಹೋಗೋವಷ್ಟು ದೂರದಾಗ ಒಂದು ಬಿದ್ರಿ ಕಾರ್ಖಾನಿ. ದೊಡ್ಡದೇನಲ್ಲ, ಮುಂದ ಅಂಗಡಿ, ಹಿಂದ ಮೂರು ರೂಮು, ಒಂದು ಭಟ್ಟಿ. ಹೆಸರು ಬ್ಯಾಡ ಅಂತ ಮಾಲಕ ಹೇಳ್ಯಾನ, ಹಂಗಾಗಿ ಮಾಲಕ ಅಂತನೇ ಕರೀತೀನಿ. ಪಗಾರದ ಮ್ಯಾಲ ಎಂಟು ಮಂದಿ: ಎರಕ ಹೊಯ್ಯೋರು ಇಬ್ರು, ಕಾನಸು ಹಾಕಿ ಮೈ ನುಣುಪು ಮಾಡೋನು ಒಬ್ಬ, ಫಿನಿಶಿಂಗ್ ಮಾಡಿ ಕಪ್ಪು ಹಾಕೋರು ಇಬ್ರು, ಅಂಗಡ್ಯಾಗ ಒಬ್ಬ, ಬಿಲ್ಲು-ಪ್ಯಾಕಿಂಗು ನೋಡೋ ಹುಡುಗಿ ಒಬ್ಬಾಕಿ, ಎಲ್ಲಾರ ಮ್ಯಾಲ ಹಿರೀ ಉಸ್ತಾದ್ ಒಬ್ಬ. ಪೀಸಿನ ಲೆಕ್ಕದಾಗ ಕೆತ್ತನಿ ಮಾಡಿ ಬೆಳ್ಳಿ ಕೂಡ್ಸೋ ಕಾರೀಗರು ಹದಿನಾಲ್ಕು ಮಂದಿ, ಇದರಾಗ ಹತ್ತು ಮಂದಿ ತಮ್ಮ ತಮ್ಮ ಮನ್ಯಾಗ ಮಾಡ್ತಾರ, ನಾಲ್ಕು ಮಂದಿ ಮನ್ಯಾಗ ಜಾಗ ಇಲ್ಲ ಅಂತ ದಿನಾ ಕಾರ್ಖಾನಿಗೇ ಬಂದು ಕೂಡ್ತಾರ (ಈ ನಾಲ್ಕು ಮಂದಿನ್ನ ನೆನಪಿಟ್ಕೊಳ್ರಿ). ಇವ್ರ ಹೊರತು ಬೆಂಗಳೂರಿನ ಡಿಸೈನರ್ ಒಬ್ಬಾಕಿ, ಊರಿನ ಫೋಟೊಗ್ರಾಫರ್ ಒಬ್ಬ, ಇಬ್ರೂ ಕೆಲಸ ಇದ್ದಾಗ ಅಷ್ಟ.

ನಾನು ಇಲ್ಲಿ ಸಣ್ಣ ಸಣ್ಣ ಯೂನಿಟ್‌ಗಳಿಗೆ ಲೆಕ್ಕ ಬರೀತೀನಿ. ನನ್ನನ್ನ ಕರೆದದ್ದು ಜಿಎಸ್‌ಟಿ ಸಲುವಾಗಿ, ಹೋಗಿ ಕೂತ ಮ್ಯಾಲ ಗೊತ್ತಾತು ಜಗಳ ಬ್ಯಾರೆನೇ ಅದ ಅಂತ.

ಬಿದ್ರಿ ಕೆಲಸ ಗೊತ್ತಿಲ್ಲದವ್ರಿಗೆ ಒಂದೆರಡು ಮಾತು, ಯಾಕಂದ್ರ ಇಡೀ ಕೇಸು ನಿಂತಿರೋದೇ ಅದರ ಮ್ಯಾಲ. ಸತುವಿಗೆ ಒಂಚೂರು ತಾಮ್ರ ಸೇರಿಸಿ, ಸಾಮಾನ್ಯವಾಗಿ ಹದಿನಾರಕ್ಕ ಒಂದು ಅಂತಾರ, ಮಣ್ಣಿನ ಅಚ್ಚಿನ್ಯಾಗ ಎರಕ ಹೊಯ್ತಾರ. ಆರಿದ ಮ್ಯಾಲ ಕಾನಸು ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಒರೆಸಿದ್ರ ಮೈ ಸದ್ಯಕ್ಕಷ್ಟ ಕಪ್ಪಾಗ್ತದ, ಆಗ ಗೀರಿದ ಗೆರಿ ಕಣ್ಣಿಗೆ ಕಾಣ್ತದ. ಆ ಗೆರಿ ಹಿಡಕೊಂಡು ಉಳಿಯಿಂದ ಕೆತ್ತಿ, ಕೆತ್ತಿದ ಜಾಗಕ್ಕ ಬೆಳ್ಳಿ ತಂತಿ ಕೂಡ್ಸಿದ್ರ ತಾರ್‌ಕಶಿ, ತಗಡು ಕೂಡ್ಸಿದ್ರ ತೆಹ್‌ನಿಶಾನ್. ಇಷ್ಟೂ ಆದ ಮ್ಯಾಲ ಮತ್ತ ಕಾನಸು, ಎಮೆರಿ, ಬಫಿಂಗು, ಕೊನೀಗೆ ಡಬ್ಬಿ ಬಿಸಿ ಮಾಡಿ ಕೋಟೆ ಮಣ್ಣು ಮತ್ತ ನವಸಾಗರ ಕಲಸಿದ್ದನ್ನ ಹಚ್ಚೋದು. ಸತು ಕಪ್ಪಾಗ್ತದ, ಬೆಳ್ಳಿ ಬಿಳೀ ಆಗೇ ಉಳೀತದ. ಮಣ್ಣು ಬೀದರ್ ಕೋಟೆದ್ದೇ ಬೇಕು, ಬಿಸಲು ಮಳಿ ತಾಕದ ಹಳೇ ಜಾಗದ್ದು, ಹಿರೇರು ನಾಲಿಗಿ ಮ್ಯಾಲ ಇಟ್ಟು ನೋಡಿ ಒಪ್ತಾರ. ಈ ಕೊನೀ ಕೆಲಸ ಯಾರೂ ಮನಿಗೆ ಒಯ್ಯಂಗಿಲ್ಲ, ಕಾರ್ಖಾನ್ಯಾಗೇ ಆಗ್ಬೇಕು. ಇಲ್ಲಿ ಅದನ್ನ ಮಾಡೋರು ಪಗಾರದ ಆ ಇಬ್ರೇ.

2023ರಾಗ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವ್ರಿಗೆ ಪದ್ಮಶ್ರೀ ಬಂದಮ್ಯಾಲ ಹೊರಗಿನವ್ರು ಕೇಳೋದು ಹೆಚ್ಚಾತು ಅಂತ ಮಾಲಕ ಹೇಳ್ತಾನ. 2024ರ ಕೊನೀಗೆ ಹೈದರಾಬಾದಿನ ಕಂಪನಿ ಒಂದು ತಮ್ಮ ವಾರ್ಷಿಕೋತ್ಸವಕ್ಕ ಅಂತ 400 ಸಣ್ಣ ಡಬ್ಬಿ ಕೇಳ್ತು, ಮುಚ್ಚಳದ ಮ್ಯಾಲ ಅವರ ಲೋಗೋ, ಸುತ್ತ ಬಳ್ಳಿ, ಹತ್ತು ವಾರದ ಟೈಮು. ಈ ಮನುಷ್ಯಾ ಅಲ್ಲೀ ತನಕ ಒಂದೇ ಸಲಕ್ಕ ನೂರಕ್ಕಿಂತ ಹೆಚ್ಚು ಒಂದೇ ನಮೂನಿ ಮಾಲು ಮಾಡಿದವನಲ್ಲ, ಆದ್ರ ಖುಷ್ಯಾಗ ಹೂಂ ಅಂದ.

ಕೆತ್ತನಿ ಮತ್ತ ಬೆಳ್ಳಿ ಕೂಡ್ಸೋದಕ್ಕ ಸೇರಿ ಡಬ್ಬಿಗೆ 450 ರೇಟು ಹೇಳಿದ್ದ, ಬೆಳ್ಳಿ ಕಾರ್ಖಾನಿದು. ಮೂರನೇ ವಾರಕ್ಕ ಹೊರಗಿನವ್ರು, ಅಂದ್ರ ಪೀಸಿನ ಕಾರೀಗರು, ನಿಧಾನ ಮಾಡ್ಲಿಕ್ಕತ್ತಿದ್ರು, ಯಾಕಂದ್ರ ಅದೇ ಟೈಮಿಗೆ ಇನ್ನೊಂದು ಅಂಗಡಿದು ಆರ್ಡರ್ ಬಂದಿತ್ತು, ಅವ್ರೂ ಇವ್ರನ್ನೇ ಕೇಳ್ಯಾರ. ಬೀದರಿನ್ಯಾಗ ಒಳ್ಳೆ ಕೈ ಇರೋ ಕಾರೀಗರು ಒಬ್ಬರಿಗೇ ಕೆಲಸ ಮಾಡಂಗಿಲ್ಲ, ಮಾಡ್ಲೂ ಬಾರ್ದು, ಒಂದು ಅಂಗಡಿ ಮ್ಯಾಲ ಕೂತ್ರ ಹೊಟ್ಟಿ ತುಂಬಂಗಿಲ್ಲ. ಮಾಲಕ ಗಾಬರಿ ಆಗಿ ರೇಟು 550 ಮಾಡ್ದ. ಮಾಡಿದ್ದು ಅಡ್ಡಿಯಿಲ್ಲ, ಆದ್ರ ಅದನ್ನ ವಾಟ್ಸಾಪ್ ಗ್ರೂಪಿನ್ಯಾಗ ಹಾಕ್ದ, ಆ ಗ್ರೂಪಿನ್ಯಾಗ ಪಗಾರದವ್ರೂ ಇದ್ರು, ಎಲ್ಲಾರಿಗೂ ಒಂದೇ ಗ್ರೂಪು.

ಅವತ್ತೇ ಸಂಜಿಗೆ ಚಾ ಅಂಗಡ್ಯಾಗ ಲೆಕ್ಕ ಶುರು ಆತು. ಚುರುಕಿರೋ ಕಾರೀಗರ ಎರಡು ದಿನಕ್ಕ ಮೂರು ಡಬ್ಬಿ ಮಾಡ್ತಾನ, ಅಂದ್ರ ದಿನಕ್ಕ 825. ಎರಕದವನ ಪಗಾರ, ಫಿನಿಶಿಂಗಿನವನ ಪಗಾರ 16,000, ಇಪ್ಪತ್ತಾರು ದಿನಕ್ಕ ಭಾಗಿಸಿದ್ರ ದಿನಕ್ಕ 615. ಪಗಾರದವ್ರ ಮಾತು: ಅವ್ರು ಮಟಮಟ ಮಧ್ಯಾಹ್ನ ಎದ್ದು ಬಂದು ಹತ್ತು ನಿಮಿಷಕ್ಕ ಮಾಲು ಕೊಟ್ಟು ಹೋಗ್ತಾರ, ನಾವು ಭಟ್ಟಿ ಮುಂದ ಬೆಳಗ್ಗಿಂದ ಸಾಯ್ತೀವಿ, ಅವ್ರಿಗೆ ನೂರು ಹೆಚ್ಚು, ನಮಗ ಏನು? ಸ್ಟ್ರೈಕು ಗೀಕು ಏನೂ ಮಾಡ್ಲಿಲ್ಲ. ಮೊದ್ಲು ಕೆಲಸ ಇದ್ದಾಗ ಏಳರ ತನಕ ಕೂಡ್ತಿದ್ರು, ಮಾಲಕ ರಾತ್ರಿ ಊಟ ತರಿಸಿ ಕೊಡ್ತಿದ್ದ, ಈಗ ಐದಾತು ಅಂದ್ರ ಕೈ ತೊಳಕೊಂಡು ಎದ್ದು ಹೋಗ್ಲಿಕ್ಕತ್ತಿದ್ರು. ಯಾರೂ ಏನೂ ಅನ್ನಂಗಿಲ್ಲ, ಟೈಮ್ ಪ್ರಕಾರ ಸರಿ ಅದ.

ಈ ಕಡೀಂದ ಹೊರಗಿನವ್ರ ಸಿಟ್ಟು ಬ್ಯಾರೆ ಇತ್ತು, ಅದು ರೇಟಿಂದಲ್ಲ. ಎರಕದಾಗ ಗುಳ್ಳಿ ಉಳಿದಿರ್ತದ, ಹೊರಗ ಕಾಣಂಗಿಲ್ಲ, ಕಾರೀಗರ ಅರ್ಧ ದಿನ ಕೆತ್ತಿದ ಮ್ಯಾಲ ಉಳಿ ಒಮ್ಮೆಗೇ ಒಳಗ ಹೋಗಿ ತೂತು ಬೀಳ್ತದ. ಡಬ್ಬಿ ರದ್ದು. ಪಾಸಾದ ಪೀಸಿಗೆ ಅಷ್ಟ ದುಡ್ಡು ಅನ್ನೋ ಪದ್ಧತಿ, ಹಂಗಾಗಿ ಎರಕದವನ ತಪ್ಪಿಗೆ ಕೆತ್ತೋನ ಕೂಲಿ ಹೋಗ್ತದ, ಎರಕದವನ ಪಗಾರ ಒಂದು ರೂಪಾಯಿನೂ ಕಡಿಮಿ ಆಗಂಗಿಲ್ಲ. ಮ್ಯಾಲ ಹಳೇ ಬಾಕಿ ಎರಡೆರಡು ತಿಂಗಳು. ಅವ್ರ ಬಾಯಾಗ ಬಂದ ಮಾತು: ಪಗಾರದವ್ರು ಮಕ್ಕಳು, ನಾವು ಮಲಮಕ್ಕಳು.

ಇಬ್ರೂ ಖರೇನೇ ಹೇಳ್ತಿದ್ರು ನೋಡ್ರಿ. ಪಗಾರದವ ತನಗ ನಷ್ಟದ ಹೆದರಿಕಿ ಇಲ್ಲ ಅನ್ನೋದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ, ಪೀಸಿನವ ತನಗ ಬ್ಯಾರೆ ಅಂಗಡಿಗೆ ಹೋಗೋ ಸ್ವಾತಂತ್ರ್ಯ ಅದ ಅನ್ನೋದನ್ನ ಹಿಡಿಯಂಗಿಲ್ಲ.

ಮಾಲಕನ ತಲ್ಯಾಗ ಎರಡೇ ದಾರಿ ಇದ್ವು: ಒಂದು, ಎಲ್ಲಾರನ್ನೂ ಪೀಸಿಗೆ ಹಾಕೋದು, ಪಗಾರದ ತಲಿನೋವೇ ಬ್ಯಾಡ; ಇನ್ನೊಂದು, ಹದಿನಾಲ್ಕೂ ಮಂದಿಗೆ ಪಗಾರ ಕೊಟ್ಟು ಒಳಗ ಕೂಡಸೋದು. ಎರಡಕ್ಕೂ ನಾನು ಒಪ್ಲಿಲ್ಲ. ಎರಕದವನ್ನ ಪೀಸಿಗೆ ಹಾಕಿದ್ರ ಅವ ಗುಳ್ಳಿ ನೋಡ್ದೇ ಎಣಿಕಿ ಹೆಚ್ಚು ಮಾಡ್ತಾನ, ನಾಳಿಗೆ ರದ್ದು ಮಾಲೇ ಗುಡ್ಡ ಬೀಳ್ತದ. ಹದಿನಾಲ್ಕೂ ಮಂದಿಗೆ ಪಗಾರ ಅಂದ್ರ ಆರ್ಡರ್ ಇಲ್ಲದ ಮಳಿಗಾಲದಾಗ ಯಾರಪ್ಪ ಕೊಡ್ಬೇಕು?

ಅದಕ್ಕಿಂತ ಮೊದ್ಲು ನಾನು ಮಾಡಿದ ಕೆಲಸ ಒಂದೇ, ಮಾಲು ಎಲ್ಲೆಲ್ಲಿ ನಿಂತದ ಅಂತ ಎಣಿಸೋದು. ಐದನೇ ವಾರದ ಕೊನೀ ದಿನ ಬಿಲ್ಲಿನ ಹುಡುಗಿ ಜೊತಿ ಕೂತು ಎಣಿಸಿದ್ವಿ. ಎರಕ ಆದದ್ದು 310. ಬೆಳ್ಳಿ ಕೂಡಿ ವಾಪಸ್ ಬಂದದ್ದು 190. ಕಪ್ಪು ಹಾಕಿ ಪೂರ್ತಿ ತಯಾರಾದದ್ದು 84. ಅಂದ್ರ 106 ಡಬ್ಬಿ ಹಿಂದಿನ ರೂಮಿನ್ಯಾಗ ಬೂದಿ ಬಣ್ಣದಾಗೇ ಬಿದ್ದಿದ್ವು, ಬೆಳ್ಳಿ ಕೂಡ್ಸಿ ಆಗ್ಯದ, ಮುಂದಿನ ಕೈ ಸಿಕ್ಕಿಲ್ಲ. ಮಾಲಕ ಆ ರೂಮಿನ ಮುಂದ ದಿನಕ್ಕ ಹತ್ತು ಸಲ ಅಡ್ಡಾಡ್ತಾನ, ಮಾಲು ಬರ್ಲಿಕ್ಕತ್ತದ ಅಂತ ಖುಷಿ ಬ್ಯಾರೆ!

ಫಿನಿಶಿಂಗಿನ ಇಬ್ರು ಸೇರಿ ದಿನಕ್ಕ ಎಂಟು ಡಬ್ಬಿ ಮಾಡ್ತಾರ, ವಾರಕ್ಕ 48. ಮೊದಲಿನ ಮೂರು ವಾರ ಅವ್ರ ಕೈಗೆ ಮಾಲೇ ಬರಂಗಿಲ್ಲ, ಎರಕ ಕೆತ್ತನಿ ಆಗ್ಬೇಕಲ್ಲ. ಉಳಿದದ್ದು ಏಳು ವಾರ, 48 ಗುಣಿಸು 7, ಬಂದದ್ದು 336. ಹೊರಗಿನವ್ರು ಎಷ್ಟೇ ಓಡ್ಲಿ, ಎಷ್ಟೇ ರೇಟು ಕೊಡ್ರಿ, ಈ ಆರ್ಡರ್ ಮೊದಲ ದಿನದಿಂದನೇ 400 ಮುಟ್ಟೋದಿದ್ದಿಲ್ಲ. ಅದೇ ಆ ಇಬ್ರು ದಿನಕ್ಕ ಎರಡು ತಾಸು ಹೆಚ್ಚು ಕೂತ್ರ ವಾರಕ್ಕ 60, ಏಳು ವಾರಕ್ಕ 420. ಅದಕ್ಕ ಖರ್ಚೆಷ್ಟು? 16,000ಕ್ಕ ತಾಸಿಗೆ 77 ಬೀಳ್ತದ, ಓವರ್‌ಟೈಮ್ ಅಂದ್ರ ಕಾಯ್ದೆ ಪ್ರಕಾರ ಎರಡು ಪಟ್ಟು, 154. ಇಬ್ರು, ಎರಡು ತಾಸು, ನಲವತ್ತೆರಡು ದಿನ, ಹಿಡೀರಿ ಇಪ್ಪತ್ತಾರು ಸಾವಿರಕ್ಕ ಒಂಚೂರು ಕಡಿಮಿ. ಹೊರಗಿನವ್ರಿಗೆ ಏರಿಸಿದ ನೂರು ರೂಪಾಯಿ ಎಷ್ಟು ಪೀಸಿಗೆ ಬಿತ್ತು? 250. ಅಂದ್ರ 25,000.

ಹೆಚ್ಚುಕಡಿಮಿ ಅದೇ ದುಡ್ಡು ಸ್ವಾಮಿ. ಒಂದು ಕಡಿ ಹಾಕಿದ್ರ ಆರ್ಡರ್ ಮುಗೀತಿತ್ತು, ಇನ್ನೊಂದು ಕಡಿ ಹಾಕಿದ್ದಕ್ಕ ಹಿಂದಿನ ರೂಮು ತುಂಬ್ತು, ಜಗಳ ಹತ್ತಿತು. ಹೊರಗಿನವ್ರು ಕೈಕೊಡ್ತಾರ ಅನ್ನೋ ಹೆದರಿಕಿ ಎಲ್ಲಾ ಮಾಲಕರಿಗೂ ಇರ್ತದ, ಯಾಕಂದ್ರ ಅವ್ರು ಕಣ್ಣಿಗೆ ಕಾಣಂಗಿಲ್ಲ, ಫೋನ್ ಎತ್ತಂಗಿಲ್ಲ, ಹಂಗಾಗಿ ದುಡ್ಡೆಲ್ಲಾ ಆ ಕಡಿ ಹರೀತದ. ಎದುರಿಗೇ ಕೂತಿರೋ ಪಗಾರದವ ಎಲ್ಲಿ ಹೋಗ್ತಾನ ಬಿಡು ಅನ್ನೋ ಧೈರ್ಯ. ನನ್ನ ಅನುಭವದಾಗ ಈ ಎರಡೂ ನಮೂನಿ ಮಂದಿ ಇರೋ ಕಡಿ ಹತ್ತಕ್ಕ ಎಂಟು ಜಗಳ ಇಲ್ಲಿಂದನೇ ಹುಟ್ತಾವ.

ಓವರ್‌ಟೈಮ್ ಚಾಲೂ ಆತು, ಲಿಖಿತದಾಗ, ಹಾಜರಿ ಪುಸ್ತಕದಾಗ ತಾಸು ಬರದು, ಶನಿವಾರಕ್ಕ ಶನಿವಾರ ಕೈಗೆ. ರಾತ್ರಿ ಊಟ ಬಂದ್ ಮಾಡೋಣೇನು ಅಂತ ಮಾಲಕ ಕೇಳ್ದ, ಬ್ಯಾಡ ಅಂದೆ, ಊಟ ಪ್ರೀತಿಗೆ, ಅದನ್ನ ಕೂಲಿ ಲೆಕ್ಕಕ್ಕ ತರಬ್ಯಾಡ.

ಇನ್ನ 825 ಮತ್ತ 615ರ ವಿಷಯ. ಇದಕ್ಕ ಭಾಷಣ ಹೊಡದ್ರ ಆಗಂಗಿಲ್ಲ. ಹಿಂದಿನ ವರ್ಷದ ವಹಿ ತೆಗೆದು, ಆ ಅತೀ ಚುರುಕಿನ ಕಾರೀಗರನ ಒಪ್ಪಿಗಿ ತಗೊಂಡು, ಅವನ ಹನ್ನೆರಡು ತಿಂಗಳ ಲೆಕ್ಕ ಎಲ್ಲಾರ ಮುಂದ ಓದಿದ್ವಿ. ಈ ಕಾರ್ಖಾನಿಂದ ಅವನಿಗೆ ವರ್ಷಕ್ಕ ಬಂದದ್ದು 1,62,000, ಅದರಾಗ ನಾಲ್ಕು ತಿಂಗಳು 8,000ಕ್ಕಿಂತ ಕಡಿಮಿ, ಒಂದು ತಿಂಗಳಂತೂ ಬರೇ 2,250, ಐದು ಡಬ್ಬಿದು. ಉಳಿ ಅವಂದು, ಲೈಟ್ ಬಿಲ್ಲು ಅವಂದು, ಬೆನ್ನು ನೋವಿಂದ ಮಲಗಿದ ಹದಿನೈದು ದಿನಾನೂ ಅವಂದೇ. ಎರಕದವನಿಗೆ 16,000ದಂಗ ಹನ್ನೆರಡು, ಹಬ್ಬಕ್ಕ ಒಂದು ತಿಂಗಳ ಬೋನಸ್ಸು, 2,08,000. ಓದಿ ಮುಗಿಸಿದ ಮ್ಯಾಲ ಸ್ವಲ್ಪ ಹೊತ್ತು ಗದ್ದಲ, ಆಮ್ಯಾಲ ಎರಕದವನೇ ಕೇಳ್ದ, ಹಂಗಾದ್ರ ಅವ ಯಾಕ ಪಗಾರಕ್ಕ ಬರಂಗಿಲ್ಲ? ಕಾರೀಗರ ಹೇಳಿದ್ದು: ಬೆಳಿಗ್ಗಿ ಒಂಬತ್ತಕ್ಕ ಬಾ ಅಂತ ನನಗ ಯಾರೂ ಹೇಳಬಾರ್ದು.

ಮಾಲಕನಿಗೆ ಗ್ರೂಪು ಎರಡು ಮಾಡ್ಬೇಕು, ರೇಟು ಪಗಾರದವ್ರಿಗೆ ಕಾಣ್ಬಾರ್ದು ಅಂತ ಇತ್ತು. ಕೆಲಸದ ಮೆಸೇಜಿಗೆ ಎರಡು ಗ್ರೂಪು ಮಾಡು, ಗದ್ದಲ ಕಡಿಮಿ ಆಗ್ತದ, ಆದ್ರ ರೇಟು ಗೋಡಿ ಮ್ಯಾಲ ಹಚ್ಚು ಅಂದೆ. ಬೀದರಿನಂಥ ಊರಾಗ ಒಂದೇ ಓಣ್ಯಾಗ ಇರೋ ಮಂದಿಯಿಂದ ಏನು ಮುಚ್ಚಿಡ್ತೀ? ಮಾಮೂಲಿ ರೇಟು ಎಷ್ಟು, ಅವಸರದ ರೇಟು ಎಷ್ಟು, ಅವಸರ ಅಂದ್ರ ಯಾವಾಗ, ಓವರ್‌ಟೈಮ್ ಎಷ್ಟು, ನಾಲ್ಕೂ ಒಂದೇ ಹಾಳಿ ಮ್ಯಾಲ ಬಂತು.

ಈಗ ಆ ನಾಲ್ಕು ಮಂದಿ. ಇವ್ರು ಪೀಸಿನವ್ರೇ, ಆದ್ರ ದಿನಾ ಕಾರ್ಖಾನಿಗೆ ಬರ್ತಾರ, ಕಾರ್ಖಾನಿ ಕಲ್ಲು ಮ್ಯಾಲ ಕೂಡ್ತಾರ, ಉಸ್ತಾದ್ ಬಂದು ಹಿಂಗಲ್ಲ ಹಂಗ ಅಂತಾನ, ಸರಿ ಇಲ್ಲ ಅಂದ್ರ ಮತ್ತ ಮಾಡಸ್ತಾನ. ಮಾಲಕನ ವಾದ, ಅವ್ರು ಫ್ರೀಲಾನ್ಸ್, ಪಗಾರ ಇಲ್ಲ, ಹಾಜರಿ ಇಲ್ಲ. ಇದು ಕಾನೂನಿನ್ಯಾಗ ನಡೆಯಂಗಿಲ್ಲ. 1973ರಾಗ ಸುಪ್ರೀಂ ಕೋರ್ಟು ಸಿಲ್ವರ್ ಜುಬಿಲಿ ಟೇಲರಿಂಗ್ ಹೌಸ್ ಕೇಸಿನ್ಯಾಗ ಇದನ್ನೇ ನೋಡ್ಯದ: ಟೇಲರ್‌ಗಳಿಗೆ ಪೀಸಿನ ಲೆಕ್ಕ, ಬರೋ ಹೋಗೋ ಟೈಮು ಪಕ್ಕಾ ಇಲ್ಲ, ಬ್ಯಾರೆ ಕಡಿನೂ ಹೊಲೀಬಹುದು, ಆದ್ರೂ ಮಷಿನ್ ಅಂಗಡಿದು, ಕೆಲಸ ಅಂಗಡ್ಯಾಗ, ಸರಿ ಇಲ್ಲ ಅಂದ್ರ ವಾಪಸ್ ಕೊಡೋ ಅಧಿಕಾರ ಮಾಲಕನದು, ಹಂಗಾಗಿ ಅವ್ರು ನೌಕರರೇ ಅಂತ ತೀರ್ಪು. ಮನ್ಯಾಗ ಕೂತು ಮಾಡೋರೂ ಪೂರ್ತಿ ಹೊರಗ ಅಂತ ತಿಳೀಬ್ಯಾಡ್ರಿ, ಬೀಡಿ ಮನಿಕೆಲಸದವ್ರ ಪಿ.ಎಂ. ಪಟೇಲ್ ಅಂಡ್ ಸನ್ಸ್ ಕೇಸಿನ್ಯಾಗ, ಬೀಡಿ ತಿರಸ್ಕರಿಸೋ ಹಕ್ಕು ಮಾಲಕನ ಕೈಯಾಗ ಇರೋದ್ರಿಂದ ಪಿಎಫ್ (ಭವಿಷ್ಯ ನಿಧಿ) ವಿಷಯಕ್ಕ ಅವ್ರನ್ನೂ ನೌಕರರು ಅಂತನೇ ಹಿಡದದ.

ಈಗ ಎಣಿಸ್ರಿ. ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಹತ್ತರ ಗೆರಿ, ಪಿಎಫ್‌ಗೆ ಇಪ್ಪತ್ತರ ಗೆರಿ, ಅಷ್ಟು ಮಂದಿ ನೌಕರರಾದ್ರ ನೋಂದಣಿ ಮಾಡಿಸ್ಲೇಬೇಕು. ಎಂಟು ಅಂತ ಮಾಲಕ ಆರಾಮ ಇದ್ದ. ಎಂಟಕ್ಕ ನಾಲ್ಕು ಕೂಡಿದ್ರ ಹನ್ನೆರಡು, ಹದಿನಾಲ್ಕೂ ಕೂಡಿದ್ರ ಇಪ್ಪತ್ತೆರಡು. ಯಾರಾದ್ರೂ ಇನ್ಸ್‌ಪೆಕ್ಟರ್ ಬಂದು ಕಾರೀಗರನೊಬ್ಬನ ಹತ್ರ ಮಾತಾಡಿದ್ರ ಸಾಕು. ಇಲ್ಲಿ ಇನ್ನೊಂದು ತಪ್ಪು ತಿಳುವಳಿಕಿ ಭಾಳ ಕಡಿ ನೋಡೀನಿ, 2025ರಾಗ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಇಂಥವ್ರಿಗೆಲ್ಲಾ ಹತ್ತತದ ಅಂತ. ಇಲ್ರಿ, ಅದು ಆ್ಯಪ್ ಮ್ಯಾಲ ನಡಿಯೋ ಡೆಲಿವರಿ, ಕ್ಯಾಬ್ ಥರದ ಪ್ಲಾಟ್‌ಫಾರ್ಮ್ ಕಂಪನಿಗಳಿಗೆ. ಬಿದ್ರಿ ಕಾರೀಗರನಿಗೂ ಅದಕ್ಕೂ ಸಂಬಂಧ ಇಲ್ಲ.

ನಾಲ್ಕು ಮಂದಿನ್ನೂ ಒಬ್ಬೊಬ್ಬರನ್ನ ಕೂಡಿಸಿ ಕೇಳಿದ್ವಿ. ಒಬ್ಬನಿಗೆ ಪಗಾರ ಬೇಕಿತ್ತು, ಹೆಂಡತಿ ಬಸಿರಿ, ಇಎಸ್‌ಐ ಇದ್ರ ಚಲೋ ಅಂದ. ಇನ್ನೊಬ್ಬನಿಗೆ ಬ್ಯಾಂಕಿನವ್ರು ಸ್ಯಾಲರಿ ಸ್ಲಿಪ್ ಇಲ್ಲದೆ ಸಾಲ ಕೊಡಂಗಿಲ್ಲ ಅಂದಿದ್ರು. ಉಳಿದ ಇಬ್ರು ಖಡಾಖಂಡಿತ ಬ್ಯಾಡ ಅಂದ್ರು. ಮೊದಲಿನ ಇಬ್ರಿಗೆ ಒಂದು ವರ್ಷದ ನೇಮಕಾತಿ ಪತ್ರ, ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ ಪಗಾರ, ಅದರ ಮ್ಯಾಲ ಪೀಸು ಹೆಚ್ಚಾದ್ರ ಹೆಚ್ಚಿಂದು. ಅಲ್ಲಿಗೆ ಪಗಾರದ ಮಂದಿ ಹತ್ತಾದ್ರು, ಇಎಸ್‌ಐ ನೋಂದಣಿ ಮಾಡಿಸಿದ್ವಿ, ಮಾಲಕನ ಪಾಲು ನೂರಕ್ಕ ಮೂರೂಕಾಲು, ನೌಕರಂದು ಮುಕ್ಕಾಲು, ಅಂಜೋವಷ್ಟು ದೊಡ್ಡದೇನಲ್ಲ. ಬ್ಯಾಡ ಅಂದ ಇಬ್ರು ಸೇರಿ ಅದೇ ಓಣ್ಯಾಗ ಒಂದು ರೂಮು ಬಾಡಿಗಿ ಹಿಡದ್ರು, ತಮ್ಮ ಕಲ್ಲು, ತಮ್ಮ ಉಳಿ, ಮೂರು ಅಂಗಡಿ ಕೆಲಸ ಮಾಡ್ತಾರ ಈಗ, ಉದ್ಯಮ್ ನೋಂದಣಿನೂ (ಸಣ್ಣ ಉದ್ಯಮಕ್ಕ ಸರ್ಕಾರದ್ದು) ಮಾಡಿಸ್ಯಾರ. ಮಾಲಕನಿಗೆ ಮೊದ್ಲು ಬ್ಯಾಸರ ಆತು, ನನ್ನ ಕೈಯಾಗ ಬೆಳೆದವ್ರು ಅಂತ. ನನಗನಸ್ತದ ಇದೇ ಸ್ವಚ್ಛ: ಒಳಗ ಇದ್ರ ಪೂರ್ತಿ ಒಳಗ, ಹೊರಗ ಇದ್ರ ಪೂರ್ತಿ ಹೊರಗ. ಹೊಸ್ತಿಲ ಮ್ಯಾಲ ಕೂಡಸಬಾರ್ದು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆ ಜಾರಿ ಆದಮ್ಯಾಲಂತೂ ನೌಕರ ಅಂದಮ್ಯಾಲ ನೇಮಕಾತಿ ಪತ್ರ ಕೊಡ್ಲೇಬೇಕು, ಅವಧಿ ಲೆಕ್ಕದ ನೌಕರನಿಗೂ ಒಂದು ವರ್ಷಕ್ಕೇ ಗ್ರಾಚ್ಯುಟಿ ಲೆಕ್ಕ ಶುರು ಆಗ್ತದ.

ಗುಳ್ಳಿ ಜಗಳಕ್ಕ ಪರಿಹಾರ ಉಸ್ತಾದಂದು, ನಂದಲ್ಲ. ಎರಕ ಆದಮ್ಯಾಲ ಕಾನಸಿನವ ಪ್ರತಿ ಡಬ್ಬಿ ಬಡದು ಸಪ್ಪಳ ಕೇಳಿ, ಮೈ ನೋಡಿ, ಒಳಗಿನ ಕಡಿ ಒಂದು ಚುಕ್ಕಿ ಗುರುತು ಹಾಕ್ಬೇಕು. ಗುರುತು ಇದ್ದ ಡಬ್ಬಿ ಕೆತ್ತುವಾಗ ತೂತು ಬಿದ್ರ ಅಲ್ಲೀ ತನಕದ ಕೂಲಿ ಕಾರ್ಖಾನಿ ಕೊಡ್ತದ. ಉಳಿ ಜಾರಿ ಕೆಟ್ರ ಕಾರೀಗರನ ಮ್ಯಾಲ. ಎರಡರ ನಡುವಿನ ಕೇಸು ಬರ್ತಾವ, ಬಂದಾಗ ಅರ್ಧರ್ಧ. ಇದು ಚಾಲೂ ಆದ ಮ್ಯಾಲ ರದ್ದು ಮಾಲೇ ಕಡಿಮಿ ಆತು, ಯಾಕಂದ್ರ ಎರಕದವ್ರಿಗೆ ಮೊದಲ ಸಲ ತಮ್ಮ ಗುಳ್ಳಿ ಎಣಿಕಿ ಗೊತ್ತಾತು.

ಬೆಳ್ಳಿದು ಇನ್ನೂ ಸೂಕ್ಷ್ಮ. ಮನಿಗೆ ಬೆಳ್ಳಿ ತಂತಿ ಕೊಡೋದು, ಉಳಿದದ್ದು ವಾಪಸ್ ತರೋದು, ಎಲ್ಲಾ ಬಾಯಿ ಮಾತಿನ ಮ್ಯಾಲ ನಡೀತಿತ್ತು, ಉಸ್ತಾದಂದು ಒಂದು ಕೈಯಳತಿ. ತುಂಡು, ಪುಡಿ, ಕಾನಸಿಗೆ ಹೋದದ್ದು ಯಾರ ಲೆಕ್ಕಾನೂ ಅಲ್ಲ. ಪಗಾರದವ್ರು ಹಿಂದ ಕೂತು ಅಂತಿದ್ರು, ಹೊರಗಿನವ್ರ ಮನ್ಯಾಗ ಬೆಳ್ಳಿ ಬೆಳೀತದ ಅಂತ. ಕೆಟ್ಟ ಮಾತು, ಆದ್ರ ತೂಕ ಇಲ್ಲದ ಕಡಿ ಇಂಥ ಮಾತು ಹುಟ್ಟೇ ಹುಟ್ತದ. ಆಗ ಕಿಲೋಕ್ಕ 90 ಸಾವಿರದ ಆಸುಪಾಸು ಇದ್ದ ಬೆಳ್ಳಿ 2025ರ ಡಿಸೆಂಬರಿಗೆ ಎರಡು ಲಕ್ಷ ದಾಟ್ತು, ಈಗಂತೂ ಕೈಯಳತಿ ಮಾತೇ ಇಲ್ಲ. ಒಂದು ಡಿಜಿಟಲ್ ತಕ್ಕಡಿ, ಎರಡು ಪ್ರತಿ ಚೀಟಿ, ಇಬ್ರ ಮುಂದನೇ ತೂಕ, ಕೊಟ್ಟದ್ದೆಷ್ಟು, ವಾಪಸ್ ತಂತಿ ಎಷ್ಟು, ಪುಡಿ ಎಷ್ಟು. ನೂರು ಗ್ರಾಮಿಗೆ ಮೂರು ಗ್ರಾಂ ಘಟ (ಕೆಲಸದಾಗ ಸವೆದು ಹೋಗೋ ಬೆಳ್ಳಿ) ಅಂತ ಎಲ್ಲಾರೂ ಒಪ್ಪಿದ್ರು. ಈ ಚೀಟಿನೇ ಜಿಎಸ್‌ಟಿಗೆ ಬೇಕಾದ ಚಲನ್ ನಮೂನಿಗೆ ತಂದ್ವಿ, ಜಾಬ್‌ವರ್ಕಿಗೆ (ಮಾಲು ಕೊಟ್ಟು ಹೊರಗ ಮಾಡಿಸೋ ಕೆಲಸ) ಅಂತ ಕಳಿಸಿದ ಕಚ್ಚಾ ಮಾಲು ಒಂದು ವರ್ಷದ ಒಳಗ ವಾಪಸ್ ಬರಬೇಕು, ಇಲ್ಲಾಂದ್ರ ಕಳಿಸಿದ ದಿನನೇ ಮಾರಿದಂಗ ಲೆಕ್ಕ. ನನ್ನನ್ನ ಕರೆದದ್ದು ಇದಕ್ಕೇ ಅಲ್ಲ?

ಮಜಾ ಅಂದ್ರ, ಮೂರು ತಿಂಗಳ ಚೀಟಿ ಕೂಡಿಸಿ ನೋಡಿದಾಗ ಮನಿ ಕಾರೀಗರ ಘಟ ಮೂರಕ್ಕಿಂತ ಕಡಿಮಿನೇ ಇತ್ತು. ಹೆಚ್ಚು ಹೋಗ್ತಿದ್ದದ್ದು ಕಾರ್ಖಾನಿ ಒಳಗಿನ ಫಿನಿಶಿಂಗ್ ಟೇಬಲ್ ಮ್ಯಾಲ, ಕಾನಸಿನ ಪುಡಿ ಕಸದ ಜೊತಿ ಹೊರಗ ಹೋಗ್ತಿತ್ತು. ಈಗ ಕೆಳಗ ತಟ್ಟಿ ಇಟ್ಟಾರ.

ಪೇಮೆಂಟಿಗೆ ತಿಂಗಳಿಗೆ ಎರಡು ತಾರೀಖು, ಹತ್ತು ಮತ್ತ ಇಪ್ಪತ್ತೈದು. ಉದ್ಯಮ್ ನೋಂದಣಿ ಇರೋ ಸಣ್ಣವ್ರಿಗೆ ಒಪ್ಪಂದ ಇದ್ರೂ 45 ದಿನಕ್ಕಿಂತ ಹೆಚ್ಚು ಬಾಕಿ ಇಡಂಗಿಲ್ಲ ಅಂತ 2006ರ ಎಂಎಸ್‌ಎಂಇ ಕಾಯ್ದೆನೇ ಹೇಳ್ತದ, ಒಪ್ಪಂದ ಇಲ್ಲಾಂದ್ರ ಬರೇ 15 ದಿನ. ಇದನ್ನ ತೋರಿಸಿದಾಗ ಮಾಲಕ ಅಂದ, ನಮ್ಮ ಗಿರಾಕಿಗಳು ನಮಗ ಕೊಡ್ಬೇಕಲ್ಲ. ಕೊಡ್ಬೇಕು, ಅದೇ ಕಾಯ್ದೆ ನಿನ್ನ ಕಡಿನೂ ಅದ, ನೀನೂ ನೋಂದಣಿ ಮಾಡಿಸು ಅಂದೆ.

ಡಿಸೈನರ್ ವಿಷಯ ಚಿಕ್ಕದು. ಆಕಿ ಬರದ ಬಳ್ಳಿ ನಮೂನಿ ಬ್ಯಾರೆ ಅಂಗಡಿ ಟ್ರೇ ಮ್ಯಾಲ ಕಂಡಾಗ ಮಾಲಕ ಕಳವು ಅಂದ. ಕಳವಲ್ಲ. ಪಗಾರದ ನೌಕರ ಕೆಲಸದ ಭಾಗವಾಗಿ ಬರದ್ರ ಕಾಪಿರೈಟು ಮಾಲಕಂದು, ಹೊರಗಿನವ್ರು ಬರದ್ರ, ಬರಹದಾಗ ಬರಕೊಡದೆ ಇದ್ರ, ಡ್ರಾಯಿಂಗು ಬರದವ್ರದ್ದೇ. ಫೋಟೊಕ್ಕ ಮಾತ್ರ ಉಲ್ಟಾ, ದುಡ್ಡು ಕೊಟ್ಟು ತೆಗೆಸಿದವ್ರದ್ದು. ಬರಸ್ಕೊಳ್ಳುವಾಗ ಎಷ್ಟು ವರ್ಷಕ್ಕ ಅಂತ ಬರೀದಿದ್ರ ಐದು ವರ್ಷಕ್ಕಷ್ಟೇ ಅಂತ ಹಿಡೀತಾರ, ಅದನ್ನೂ ನೋಡ್ಕೋಬೇಕು. ಆಕಿ ಒಳ್ಳೆಯಾಕಿ, ಸ್ವಲ್ಪ ಹೆಚ್ಚು ತಗೊಂಡು ಬರಕೊಟ್ಳು.

ಸರಿ ಹೋಗದ ಎರಡು ವಿಷಯನೂ ಹೇಳ್ಬೇಕು. ಕಾರೀಗರ ಪೈಕಿ ಮೂರು ಮಂದಿ ಅಕ್ಕತಂಗೇರು, ಬೆಳ್ಳಿ ಕೂಡ್ಸೋದರಾಗ ಅವ್ರ ಕೈ ಹಿಡಿಯೋರಿಲ್ಲ. ದುಡ್ಡು ಮಾತ್ರ ಯಾವಾಗ್ಲೂ ಅವರಣ್ಣ ಬಂದು ಒಯ್ತಿದ್ದ. ಪೇಮೆಂಟು ಬ್ಯಾಂಕಿಗೆ ಅಂತ ಆದಮ್ಯಾಲ ಮೂವರ ಖಾತಿಗೂ ಬ್ಯಾರೆ ಬ್ಯಾರೆ ಹಾಕಿದ್ವಿ, ಇ-ಶ್ರಮ್ ಕಾರ್ಡು (ಅಸಂಘಟಿತ ಕಾರ್ಮಿಕರದು), ಪೆಹಚಾನ್ ಕಾರ್ಡು (ಕರಕುಶಲ ಕಾರೀಗರ ಗುರುತಿನದು) ಅವ್ರವ್ರ ಹೆಸರಿಗೇ ಮಾಡಿಸಿದ್ವಿ. ಅಣ್ಣ ಸಿಟ್ಟಾಗಿ ಎರಡು ತಿಂಗಳು ಕೆಲಸನೇ ಬ್ಯಾಡ ಅಂದ. ಆಮ್ಯಾಲ ದೊಡ್ಡಾಕಿ ಒಬ್ಬಾಕಿನೇ ಬಂದು ಮಾಲು ಒಯ್ದಳು. ಉಳಿದ ಇಬ್ರು ಈಗ ಅಣ್ಣನ ಮೂಲಕ ಬ್ಯಾರೆ ಅಂಗಡಿಗೆ ಮಾಡ್ತಾರ ಅಂತ ಕೇಳೀನಿ. ಕಾಗದದ ಮ್ಯಾಲ ನಾವು ಮಾಡಿದ್ದು ಸರಿ, ಆದ್ರ ಮೊದ್ಲು ಆ ಮನಿಗೆ ಹೋಗಿ ಒಂದು ಮಾತು ಆಡ್ಬೇಕಿತ್ತು ಅಂತ ಬಿಲ್ಲಿನ ಹುಡುಗಿ ಹೇಳಿದ್ದಳು, ಮಾಲಕ ಕೇಳಲಿಲ್ಲ.

ಎರಡನೇದು ಉಸ್ತಾದ್. ಮಾಲು ಪಾಸು ಮಾಡೋನು ಅವನೇ, ಪೀಸಿನವ್ರ ಪೈಕಿ ಒಬ್ಬ ಅವನ ಅಕ್ಕನ ಮಗ. ಅಳಿಯನ ಮಾಲು ನೋಡೋ ಕಣ್ಣು ಬ್ಯಾರೆ ಅಂತ ಉಳಿದವ್ರ ದೂರು. ಯಾರ ಡಬ್ಬಿ ಅಂತ ಗೊತ್ತಾಗದಂಗ ನಂಬರ್ ಹಾಕಿ ಕೊಟ್ಟು ನೋಡಿದ್ವಿ, ಉಸ್ತಾದ್ ನಕ್ಕ. ಕೆತ್ತನಿ ನೋಡಿದ್ರ ಯಾರ ಕೈ ಅಂತ ಅವನಿಗೆ ಕತ್ತಲದಾಗೂ ಗೊತ್ತಾಗ್ತದ. ಈಗ ರದ್ದು ಆದ ಮಾಲು ಮಾತ್ರ ಮಾಲಕ ಇನ್ನೊಮ್ಮೆ ನೋಡ್ತಾನ, ಪಾಸಾದದ್ದು ಯಾರೂ ನೋಡಂಗಿಲ್ಲ, ಅಂದ್ರ ದೂರು ಹಂಗೇ ಅದ.

ಆ ಆರ್ಡರ್ ಏನಾತು ಅಂದ್ರ, ಹೇಳಿದ ದಿನಕ್ಕ 356 ಡಬ್ಬಿ ಹೋದ್ವು, ಉಳಿದ 44 ಮುಂದಿನ ವಾರ. ಕಂಪನಿಯವ್ರು ಬಿಲ್ಲಿನ್ಯಾಗ ಒಂಚೂರು ಕಟ್ ಮಾಡ್ಕೊಂಡ್ರು. ಲೆಕ್ಕ ಓದಿ ಮುಗಿದ ಮ್ಯಾಲ ಪ್ರಶ್ನಿ ಕೇಳಿದ್ದ ಎರಕದವ ನಾಲ್ಕು ತಿಂಗಳಿಗೆ ಕೆಲಸ ಬಿಟ್ಟು ಹೈದರಾಬಾದಿಗೆ ಹೋದ, ಜಗಳದಿಂದ ಅಲ್ಲ, ಅಲ್ಲಿ 22,000 ಸಿಕ್ತು. ಪಿಎಫ್ ನೋಂದಣಿ ಇನ್ನೂ ಆಗಿಲ್ಲ. ಮನಿ ಕಾರೀಗರನ್ನ ಎಣಿಕ್ಯಾಗ ಹಿಡೀಬೇಕೋ ಬ್ಯಾಡೋ ಅನ್ನೋದರ ಮ್ಯಾಲ ವಕೀಲರ ಹತ್ರ ಮಾತು ನಡದದ. ನಾನಂತೂ ಗೆರಿಗೆ ಇಷ್ಟು ಹತ್ರ ಬಂದಮ್ಯಾಲ ತಾವಾಗೇ ಮಾಡಿಸಿಬಿಡ್ರಿ, ಹಿಂದಿನ ಬಾಕಿ ಬಡ್ಡಿ ದಂಡ ಒಟ್ಟಿಗೆ ಬಂದ್ರ ತಡೆಯಂಗಿಲ್ಲ ಅಂತನೇ ಹೇಳ್ಲಿಕ್ಕತ್ತೀನಿ.

ಅದೇ ಕಂಪನಿ ಈ ವರ್ಷ 600 ಡಬ್ಬಿ ಕೇಳ್ಯದ, ಅದೇ ಹತ್ತು ವಾರ. ಮಾಲಕ ಈ ಸಲ ಹೂಂ ಅನ್ನೋಕಿಂತ ಮೊದ್ಲು ಫಿನಿಶಿಂಗಿನ ಇಬ್ರನ್ನ ಕರೆದು ಕೂಡಿಸಿ ಕೇಳ್ದ. ಇಬ್ರೇ ಆದ್ರ ಓವರ್‌ಟೈಮ್ ಸೇರಿಸಿ 420, ಕಾನಸಿನವನಿಗೆ ಕಪ್ಪು ಹಾಕೋದು ಕಲಿಸಿದ್ರ ಇನ್ನೊಂದು ಎಂಭತ್ತು ಅಂದ್ರು ಅವ್ರು. ಕಲಿಸೋಕ್ಕ ತಮಗೆಷ್ಟು ಅಂತನೂ ಕೇಳಿದ್ರು, ಅದು ಇನ್ನೂ ಮಾತಿನ್ಯಾಗ ಅದ. ಕಂಪನಿಗೆ 500 ಅಂತ ಬರದು ಕಳಿಸ್ಯಾನ.